ಒರಗಿ ತುಳಿಯುವ ಬೈಸಿಕಲ್ಲು

ಬೈಸಿಕಲ್ಲನ್ನು ಕಾಣದ ಊರು ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ಹಾಲು ಮಾರುವವನಿಗೆ, ಮುಂಜಾನೆ ಪತ್ರಿಕೆ ಹಂಚುವ ಹುಡುಗನಿಗೆ, ಶಾಲೆಗೆ ಹೊರಟ ಬಾಲಕ ಬಾಲಿಕೆಯರಿಗೆ ಅದು ನೆಚ್ಚಿನ ಸಂಗಾತಿ. ಹೀಗೆ ಬಹುಕಾಲದಿಂದ ಕಣ್ಣಿಗೆ ಪರಿಚಿತವಾದ ವಸ್ತುವಿನ ಆಕಾರವನ್ನು ಕುರಿತು ನಾವು ಯೋಚಿಸುವುದೇ ಇಲ್ಲ. ಎತ್ತರದಲ್ಲೊಂದು ಕಿರಿದಾದ ಸೀಟು, ಅದರ ಕೆಳಗೆ ಪೆಡಲುಗಳು, ಮುಂದಕ್ಕೆ ಬಾಗಿ ಹಿಡಿಯುವ ಹ್ಯಾಂಡಲು. ಬೈಸಿಕಲ್ಲೆಂದರೆ ಇದೇ, ಇದು ಬೇರೆ ರೀತಿಯಲ್ಲಿ ಇರಲು ಸಾಧ್ಯವೇ ಇಲ್ಲ ಎಂದು ಭಾವಿಸಿರುತ್ತೇವೆ. ಈ ಭಾವನೆ ಸರಿಯಲ್ಲವೆಂಬುದು ನನಗೆ ಮನದಟ್ಟಾದುದು ಕೇರಳದ ಶ್ರೀಕಾರ್ಯಂ ಎಂಬ ಊರಿನಲ್ಲಿ.

ಶ್ರೀಕಾರ್ಯಂ ತಿರುವನಂತಪುರ ನಗರದ ಉತ್ತರ ಭಾಗದಲ್ಲಿ, ಕೊಲ್ಲಂ ಕಡೆಗೆ ಸಾಗುವ ಹಳೆಯ ಹೆದ್ದಾರಿಯ ಮೇಲಿದೆ. ಮರಗೆಣಸೇ ಮೊದಲಾದ ಗೆಡ್ಡೆಗಳ ಬೆಳೆಯನ್ನು ಕುರಿತು ಸಂಶೋಧನೆ ನಡೆಸಲು 1963ರಲ್ಲಿ ಸ್ಥಾಪಿತವಾದ ಕೇಂದ್ರ ಸಂಸ್ಥೆ ಇರುವುದು ಇಲ್ಲಿಯೇ. 1939ರಲ್ಲಿ ಆರಂಭವಾದ ತಿರುವನಂತಪುರದ ಇಂಜಿನಿಯರಿಂಗ್ ಕಾಲೇಜು ಕೂಡ ಇದಕ್ಕೆ ಸಮೀಪದಲ್ಲಿದೆ. ನಮ್ಮ ಬಯಲುಸೀಮೆಯ ಹಾಗೆ ಅದು ಸಮತಟ್ಟಾದ ನೆಲವಲ್ಲ. ಕೆಂಪು ಮಣ್ಣಿನ ದಿಬ್ಬಗಳ ನಡುವೆ ರಸ್ತೆ ಏರುತ್ತಲೂ ಇಳಿಯುತ್ತಲೂ ಹೋಗುತ್ತದೆ. ಮಳೆಯೋ, ವರ್ಷಕ್ಕೆ ಎರಡು ಸಲ ಬರುವ ಅತಿಥಿ. ವಾಹನಗಳ ಸಂದಣಿಯನ್ನಂತೂ ಹೇಳಬೇಕಾದುದೇ ಇಲ್ಲ.

ನನ್ನ ಅಣ್ಣನವರು ಉದ್ಯೋಗದ ನಿಮಿತ್ತ ಆ ಊರಿನಲ್ಲಿ ನೆಲೆಸಿ ಹಲವು ವರ್ಷಗಳಾದುವು. ಅವರು ಚಿಕ್ಕಂದಿನಿಂದಲೂ ಬೈಸಿಕಲ್ಲಿನ ಭಕ್ತರು. ಅಲ್ಲಿಯೂ ಕಾರ್ಯವಟ್ಟಂ ಕಡೆಯಲ್ಲಿರುವ ತಮ್ಮ ಕಛೇರಿಗೆ ಅದರಲ್ಲಿಯೇ ಹೋಗಿಬರುತ್ತಿದ್ದರು. ಈಚೆಗೆ ಅವರಿಗೆ ಸೊಂಟನೋವು ಕಾಣಿಸಿಕೊಂಡಿತು. ಬಾಗಿ ಕುಳಿತು ತುಳಿದ ದಿನ ರಾತ್ರಿ ನಿದ್ರೆ ಬಾರದು. ವೈದ್ಯರು ಪರೀಕ್ಷಿಸಿ, "ಮುಂದಕ್ಕೆ ಬಾಗುವುದನ್ನು ಬಿಡಿ; ವ್ಯಾಯಾಮವನ್ನು ಮಾತ್ರ ಬಿಡಬೇಡಿ" ಎಂದರು. ಬಾಗದೆ ಬೈಸಿಕಲ್ಲು ತುಳಿಯುವುದೆಂತು? ಅಣ್ಣನವರಿಗೆ ಅದನ್ನು ಬಿಡುವುದೆಂದರೆ ಅರ್ಧ ಪ್ರಾಣವನ್ನು ಬಿಟ್ಟಂತೆ. ಆ ಸಮಯಕ್ಕೆ ಸ್ನೇಹಿತರೊಬ್ಬರು ತಮ್ಮಲ್ಲಿದ್ದ ಒರಗು ಬೈಸಿಕಲ್ಲೊಂದನ್ನು ಹದಿನೈದು ದಿನಗಳ ಮಟ್ಟಿಗೆ ಎರವಲು ಕೊಟ್ಟರು. ನಾನು ರಜೆಯಲ್ಲಿ ಅವರ ಮನೆಗೆ ಹೋದಾಗ ಅದು ಜಗಲಿಯ ಮೇಲೆ ನಿಂತಿತ್ತು.

"ಮನೆಯ ಆರಾಮಕುರ್ಚಿಗೆ ಚಕ್ರ ಕಟ್ಟಿದ ಹಾಗಿದೆಯಲ್ಲ! ನಿಮ್ಮಣ್ಣನಿಗೆ ನೀವಾದರೂ ಬುದ್ಧಿ ಹೇಳಿ," ಎಂದರು ಅತ್ತಿಗೆ. ನೆರೆಮನೆಯವರಿಗಂತೂ ಅದು ಒಂದು ವಿನೋದ. ಅಣ್ಣನವರು ಮಾತ್ರ ನಗಲಿಲ್ಲ. "ನೀನು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು. ಇದು ಒಳ್ಳೆಯದೋ, ಹಳೆಯದೇ ಒಳ್ಳೆಯದೋ, ಲೆಕ್ಕ ಹಾಕಿ ಹೇಳು" ಎಂದರು. ಆ ಪ್ರಶ್ನೆಗೆ ಉತ್ತರವನ್ನು ಹುಡುಕಿದ ಬಗೆಯೇ ಈ ಲೇಖನದ ವಿಷಯ.

ಮೊದಲು ಈ ವಾಹನದ ರಚನೆಯನ್ನು ತಿಳಿಯೋಣ. ಇಂಗ್ಲಿಷಿನಲ್ಲಿ ಇದಕ್ಕೆ ರಿಕಂಬೆಂಟ್ ಎಂದು ಹೆಸರು. ಒರಗಿದುದು ಎಂದು ಅದರ ಅರ್ಥ. ಇದರಲ್ಲಿ ಸವಾರನು ಕುರ್ಚಿಯಂತಹ ಅಗಲವಾದ ಸೀಟಿನಲ್ಲಿ ಬೆನ್ನನ್ನು ಹಿಂದಕ್ಕೆ ಒರಗಿಸಿ ಕುಳಿತುಕೊಳ್ಳುತ್ತಾನೆ. ಪೆಡಲುಗಳು ಅವನ ಕೆಳಗಲ್ಲ, ಮುಂದೆ ಇರುತ್ತವೆ. ಕಾಲುಗಳನ್ನು ಮುಂದಕ್ಕೆ ಚಾಚಿ, ಗೋಡೆಯನ್ನು ಒದ್ದಂತೆ ತುಳಿಯಬೇಕು. ಹ್ಯಾಂಡಲು ಕೆಲವು ಬಗೆಗಳಲ್ಲಿ ಎದೆಯ ಮುಂದೆ, ಇನ್ನು ಕೆಲವದರಲ್ಲಿ ಸೀಟಿನ ಕೆಳಗೆ ಎರಡು ಪಕ್ಕಗಳಲ್ಲಿ ಇರುತ್ತದೆ. ಪೆಡಲಿಗೂ ಹಿಂದಿನ ಚಕ್ರಕ್ಕೂ ಬಹಳ ದೂರವಿರುವುದರಿಂದ ಚೈನು ಸಾಮಾನ್ಯ ಬೈಸಿಕಲ್ಲಿನ ಚೈನಿಗಿಂತ ಎಷ್ಟೋ ಉದ್ದ. ಎರಡು ಮೂರು ಚೈನುಗಳನ್ನು ಜೋಡಿಸಿ ಅದನ್ನು ಮಾಡುವುದುಂಟು.

ಇವುಗಳಲ್ಲಿಯೂ ಜಾತಿಗಳಿವೆ. ಮುಂದಿನ ಚಕ್ರವು ಪೆಡಲುಗಳಿಗಿಂತ ಮುಂದೆ ಇದ್ದರೆ ವಾಹನ ಉದ್ದವಾಗುತ್ತದೆ. ತಿರುಗಿಸಲು ಹೆಚ್ಚು ಸ್ಥಳ ಬೇಕು, ಆದರೆ ನೆಟ್ಟಗೆ ಸಾಗುವಾಗ ಸ್ಥಿರವಾಗಿರುತ್ತದೆ. ಚಕ್ರವು ಪೆಡಲುಗಳಿಗಿಂತ ಹಿಂದೆ, ಮೊಣಕಾಲಿನ ಕೆಳಗೆ ಬಂದರೆ ವಾಹನ ಗಿಡ್ಡವಾಗುತ್ತದೆ. ಚುರುಕಾಗಿ ತಿರುಗುತ್ತದೆ, ಆದರೆ ಕಲಿಯುವುದು ತುಸು ಕಷ್ಟ. ಮೂರು ಚಕ್ರಗಳ ಬಗೆಯೂ ಉಂಟು. ಮುಂದೆ ಎರಡು ಹಿಂದೆ ಒಂದು ಚಕ್ರವಿರುವುದು ಒಂದು ವಿಧ. ಮುಂದೆ ಒಂದು ಹಿಂದೆ ಎರಡು ಇರುವುದು ಇನ್ನೊಂದು. ಮೂರು ಚಕ್ರದ್ದು ನಿಂತಲ್ಲಿಯೇ ನಿಲ್ಲುತ್ತದೆ, ಸಮತೋಲನದ ಚಿಂತೆಯಿಲ್ಲ. ಅಣ್ಣನವರಿಗೆ ಎರವಲು ದೊರಕಿದ್ದುದು ಮುಂದೆ ಎರಡು ಚಕ್ರಗಳಿದ್ದ ಬಗೆ.

ಹೀಗೆ ಒರಗಿಕೊಳ್ಳುವುದರಿಂದ ಲಾಭವೇನು? ಬೈಸಿಕಲ್ಲು ತುಳಿಯುವವನಿಗೆ ಮುಖ್ಯವಾಗಿ ಮೂವರು ವಿರೋಧಿಗಳು. ಮೊದಲನೆಯದು ಟಯರು ನೆಲದ ಮೇಲೆ ಉರುಳುವಾಗಿನ ತಡೆ. ಎರಡನೆಯದು ಗಾಳಿ. ಮೂರನೆಯದು ಏರು. ಇವರಲ್ಲಿ ಗಾಳಿಯ ಸ್ವಭಾವ ವಿಚಿತ್ರವಾದುದು. ಮೆಲ್ಲಗೆ ಹೋಗುವವನನ್ನು ಅದು ಮಾತನಾಡಿಸುವುದೇ ಇಲ್ಲ. ವೇಗವಾಗಿ ಹೋಗುವವನ ಎದೆಗೆ ಕೈಯಿಟ್ಟು ತಳ್ಳುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಮಡಿಯಾಗುತ್ತದೆ. ಆ ತಡೆಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯವಾದರೋ ಎಂಟು ಮಡಿಯಾಗುತ್ತದೆ.

ಗಾಳಿಯ ತಡೆ ಇನ್ನೆರಡು ಸಂಗತಿಗಳನ್ನು ಅವಲಂಬಿಸಿದೆ: ನಾವು ಗಾಳಿಗೆ ಒಡ್ಡುವ ಮುಂಭಾಗದ ವಿಸ್ತೀರ್ಣ, ಮತ್ತು ನಮ್ಮ ಆಕಾರ. ಈ ಎರಡನ್ನೂ ಗುಣಿಸಿ ಒಂದೇ ಸಂಖ್ಯೆಯಾಗಿ ಹೇಳುವ ಪದ್ಧತಿಯಿದೆ. ನೆಟ್ಟಗೆ ಕುಳಿತ ಸಾಮಾನ್ಯ ಸವಾರನಿಗೆ ಇದು ಸುಮಾರು 0.55 ಚದರ ಮೀಟರು, ಒರಗಿದವನಿಗೆ ಸುಮಾರು 0.30 ಚದರ ಮೀಟರು ಎಂದು ಇಟ್ಟುಕೊಳ್ಳೋಣ. ಸವಾರನ ಗಾತ್ರ, ಉಡುಪು, ಸೀಟಿನ ಓರೆ ಇವುಗಳಿಗೆ ತಕ್ಕಂತೆ ಇದು ಹೆಚ್ಚು ಕಡಿಮೆಯಾಗುವುದು ಸಹಜ. ಒಂದು ಘನ ಮೀಟರು ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಈಗ ಲೆಕ್ಕ ಸುಲಭ: ಗಾಳಿಯ ಸಾಂದ್ರತೆಯ ಅರ್ಧವನ್ನು ಆ ಸಂಖ್ಯೆಯಿಂದಲೂ, ವೇಗದ ವರ್ಗದಿಂದಲೂ ಗುಣಿಸಿದರೆ ತಡೆ ಸಿಕ್ಕುತ್ತದೆ.

ಗಂಟೆಗೆ 18 ಕಿಲೋಮೀಟರು, ಎಂದರೆ ಸೆಕೆಂಡಿಗೆ 5 ಮೀಟರು ವೇಗದಲ್ಲಿ ನೆಟ್ಟಗೆ ಕುಳಿತವನಿಗೆ ಗಾಳಿಯನ್ನು ಸೀಳಲು ಸುಮಾರು 41 ವಾಟ್ ಸಾಮರ್ಥ್ಯ ಬೇಕು. ಒರಗಿದವನಿಗೆ ಸುಮಾರು 22 ವಾಟ್. ಉಳಿತಾಯ 19 ವಾಟ್. ವೇಗವನ್ನು ಗಂಟೆಗೆ 36 ಕಿಲೋಮೀಟರಿಗೆ ಏರಿಸಿದರೆ ಮೊದಲನೆಯವನಿಗೆ 330 ವಾಟ್ ಬೇಕು, ಎರಡನೆಯವನಿಗೆ 180 ವಾಟ್ ಸಾಕು. ಉಳಿತಾಯ 150 ವಾಟ್! ಆರೋಗ್ಯವಂತನಾದ ಸಾಮಾನ್ಯ ಮನುಷ್ಯನು ದಣಿವಿಲ್ಲದೆ ಬಹಳ ಹೊತ್ತು ನೀಡಬಲ್ಲ ಸಾಮರ್ಥ್ಯ ಸುಮಾರು 75ರಿಂದ 100 ವಾಟ್ ಎಂಬುದನ್ನು ನೆನೆದರೆ ಈ ಉಳಿತಾಯದ ಬೆಲೆ ತಿಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಪಂದ್ಯದ ಸವಾರರು ನೆಟ್ಟಗೆ ಕೂರುವುದಿಲ್ಲ. ಹ್ಯಾಂಡಲಿನ ಮೇಲೆ ಎದೆಯೂರುವಂತೆ ಬಾಗುತ್ತಾರೆ. ಆಗ ಅವರ ಸಂಖ್ಯೆಯೂ ಒರಗಿದವನ ಸಂಖ್ಯೆಯ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಆ ಭಂಗಿಯಲ್ಲಿ ಕುತ್ತಿಗೆ, ಮಣಿಕಟ್ಟು, ಸೊಂಟ ಇವೆಲ್ಲ ದಂಡ ತೆರಬೇಕಾಗುತ್ತದೆ. ಒರಗಿದವನಿಗೆ ಅದೇ ಲಾಭ ಆರಾಮವಾಗಿ ಸಿಕ್ಕುತ್ತದೆ. ಭೇದವಿರುವುದು ಅಲ್ಲಿಯೇ.

ಈ ಸಂಗತಿಯನ್ನು ಲೋಕಕ್ಕೆ ತೋರಿಸಿಕೊಟ್ಟ ಕಥೆ ಸ್ವಾರಸ್ಯವಾಗಿದೆ. ಫ್ರಾನ್ಸ್ ದೇಶದಲ್ಲಿ ಷಾರ್ಲ್ ಮೋಷೆ ಎಂಬ ಕುಶಲಿಯಿದ್ದನು. ಇಬ್ಬರು ಪಕ್ಕಪಕ್ಕದಲ್ಲಿ ಕುಳಿತು ತುಳಿಯುವ ನಾಲ್ಕು ಚಕ್ರದ ಗಾಡಿಗಳನ್ನು ಅವನು ತಯಾರಿಸುತ್ತಿದ್ದನು. ಅವುಗಳಿಗೆ ವೆಲೋಕಾರ್ ಎಂದು ಹೆಸರು. ಆ ಗಾಡಿಯನ್ನೇ ನಡುವೆ ಸೀಳಿದಂತೆ ಎರಡು ಚಕ್ರದ ಒರಗು ಬೈಸಿಕಲ್ಲೊಂದನ್ನು ಅವನು ರಚಿಸಿದನು. ಅದನ್ನೇರಲು ಫ್ರಾನ್ಸಿಸ್ ಫೋರ್ ಎಂಬ ಸವಾರನು ಮುಂದೆ ಬಂದನು. ಇವನು ಮೊದಲ ದರ್ಜೆಯ ಪಟುವೆಂದು ಹೆಸರು ಮಾಡಿದವನಲ್ಲ.

ಆ ಕಾಲಕ್ಕೆ ಒಂದು ಗಂಟೆಯಲ್ಲಿ ಕ್ರಮಿಸಿದ ದೂರದ ದಾಖಲೆ ಸ್ವಿಟ್ಜರ್‌ಲೆಂಡಿನ ಆಸ್ಕರ್ ಎಗ್ ಎಂಬಾತನದಾಗಿತ್ತು. ಅವನು 1914ರಲ್ಲಿ 44.247 ಕಿಲೋಮೀಟರು ಸಾಗಿದ್ದನು. ಹತ್ತೊಂಬತ್ತು ವರ್ಷಗಳ ಕಾಲ ಅದನ್ನು ಯಾರೂ ಮೀರಿರಲಿಲ್ಲ. 1933ನೆಯ ಇಸವಿ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫೋರ್ ಒರಗಿಕೊಂಡು ತುಳಿದು ಒಂದು ಗಂಟೆಯಲ್ಲಿ 45.055 ಕಿಲೋಮೀಟರು ಮುಟ್ಟಿದನು. ಮಹಾಪಟುವಿನ ದಾಖಲೆಯನ್ನು ಸಾಧಾರಣ ಸವಾರನೊಬ್ಬನು ಎಂಟುನೂರು ಮೀಟರಿಗೂ ಹೆಚ್ಚು ಅಂತರದಿಂದ ಮುರಿದನು!

ಜನ ಬೆರಗಾದರು, ಅಧಿಕಾರಿಗಳು ಗೊಂದಲಕ್ಕೆ ಬಿದ್ದರು. ಇದನ್ನು ಬೈಸಿಕಲ್ಲೆಂದು ಒಪ್ಪಬೇಕೋ ಬೇಡವೋ? ಒಪ್ಪಿದರೆ ಹಳೆಯ ಪಟುಗಳೆಲ್ಲ ತಮ್ಮ ಬೈಸಿಕಲ್ಲನ್ನು ಮೂಲೆಗೆ ಇಡಬೇಕಾಗುತ್ತದೆ. ಒಪ್ಪದಿದ್ದರೆ ಹೊಸ ಬುದ್ಧಿಗೆ ಅನ್ಯಾಯ. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು 1934ರಲ್ಲಿ ಚರ್ಚೆ ನಡೆಸಿ ಬೈಸಿಕಲ್ಲಿಗೆ ಒಂದು ಹೊಸ ಲಕ್ಷಣವನ್ನೇ ಬರೆಯಿತು. ಸೀಟು, ಪೆಡಲು, ಚಕ್ರ ಇವು ಒಂದರಿಂದೊಂದು ಎಷ್ಟು ದೂರದಲ್ಲಿರಬೇಕೆಂದು ವಿಧಿಸಿತು. ಆ ವರ್ಷದ ಏಪ್ರಿಲ್ 1ರಿಂದ ಒರಗು ಬೈಸಿಕಲ್ಲು ಪಂದ್ಯದ ಕಣದಿಂದ ಹೊರಬಿದ್ದಿತು. ಮೋಷೆ ಅದೇ ವರ್ಷ ತೀರಿಕೊಂಡನು. ಅವನ ಮಗ ಜಾರ್ಜ್ ತಂದೆಯ ಕೆಲಸವನ್ನು ಕೈಬಿಡಲಿಲ್ಲ. ಗಾಳಿಯನ್ನು ಸೀಳುವ ಹೊದಿಕೆಯನ್ನು ವಾಹನಕ್ಕೆ ತೊಡಿಸಿದನು. 1939ರ ಮಾರ್ಚ್ 5ರಂದು ಅದೇ ಫೋರ್ ಗಂಟೆಗೆ 50.537 ಕಿಲೋಮೀಟರು ಸಾಗಿದನು. ಒಕ್ಕೂಟ ಒಪ್ಪುವ ಬೈಸಿಕಲ್ಲಿನ ಮೇಲೆ ಗಂಟೆಗೆ 50 ಕಿಲೋಮೀಟರನ್ನು ದಾಟಲು ಇಟಲಿಯ ಫ್ರಾಂಚೆಸ್ಕೊ ಮೋಸರ್ 1984ರ ತನಕ ಕಾಯಬೇಕಾಯಿತು.

ಒಕ್ಕೂಟ ಮಾಡಿದುದು ನ್ಯಾಯವೇ? ಒಂದು ದೃಷ್ಟಿಯಿಂದ ಅದರಲ್ಲಿ ಅರ್ಥವಿದೆ. ಪಂದ್ಯ ನಡೆಯುವುದು ಮನುಷ್ಯರ ನಡುವೆ; ಯಂತ್ರಗಳ ನಡುವೆ ಅಲ್ಲ. ಎಲ್ಲರೂ ಒಂದೇ ಬಗೆಯ ವಾಹನವನ್ನು ಏರಿದರೆ ಮಾತ್ರ ಯಾರ ಕಾಲಿನಲ್ಲಿ ಹೆಚ್ಚು ಕಸುವಿದೆಯೆಂದು ತಿಳಿದೀತು. ಕುಸ್ತಿಯ ಕಣದಲ್ಲಿ ಒಬ್ಬನ ಕೈಗೆ ಗದೆ ಕೊಟ್ಟಂತಾಗಬಾರದಷ್ಟೆ. ಆದರೆ ಫಲವೇನಾಯಿತು? ಪಂದ್ಯದಲ್ಲಿ ಓಡದ ಬೈಸಿಕಲ್ಲನ್ನು ಕಾರ್ಖಾನೆಗಳು ತಯಾರಿಸಲಿಲ್ಲ, ಅಂಗಡಿಗಳು ಮಾರಲಿಲ್ಲ, ಜನ ಅದನ್ನು ಕಾಣಲೇ ಇಲ್ಲ. ಪಂದ್ಯಕ್ಕಾಗಿ ಬರೆದ ನಿಯಮವು, ಪಂದ್ಯಕ್ಕೂ ತಮಗೂ ಯಾವ ಸಂಬಂಧವೂ ಇಲ್ಲದ ಸಾಮಾನ್ಯರ ಕೈಯಿಂದಲೂ ಅದನ್ನು ಕಸಿದುಕೊಂಡಿತು. ನನ್ನ ಅಣ್ಣನವರಂಥ ಸೊಂಟನೋವಿನವರು ಎಷ್ಟು ಮಂದಿ ಇದರ ಹೆಸರನ್ನೇ ಕೇಳದೆ ತುಳಿಯುವುದನ್ನು ಬಿಟ್ಟರೋ!

ಸುಮಾರು ನಾಲ್ವತ್ತು ವರ್ಷಗಳ ತರುವಾಯ ಇದಕ್ಕೆ ಮರುಜೀವ ಬಂದಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಚೆಸ್ಟರ್ ಕೈಲ್ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ಬೈಸಿಕಲ್ಲಿನ ಮೇಲೆ ಗಾಳಿಯ ತಡೆಯನ್ನು ಅಳೆಯತೊಡಗಿದರು. 1975ರಲ್ಲಿ ಅಲ್ಲಿ ಯಾವ ಆಕಾರದ ನಿರ್ಬಂಧವೂ ಇಲ್ಲದ ಸ್ಪರ್ಧೆಯೊಂದು ನಡೆಯಿತು. ಒಂದೇ ಷರತ್ತು: ವಾಹನವನ್ನು ಮನುಷ್ಯನ ಶಕ್ತಿಯೇ ನಡೆಸಬೇಕು. ಮರುವರ್ಷ, 1976ರಲ್ಲಿ, ಇಂಥ ವಾಹನಗಳಿಗಾಗಿಯೇ ಒಂದು ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಅಲ್ಲಿಂದ ಮುಂದೆ ಒರಗು ಬೈಸಿಕಲ್ಲುಗಳು ಮೊಟ್ಟೆಯಾಕಾರದ ಹೊದಿಕೆಯನ್ನು ಹೊದ್ದು ಗಾಳಿಗೆ ಸವಾಲು ಹಾಕಿದುವು. 2016ರಲ್ಲಿ ಅಮೆರಿಕದ ನೆವಾಡ ಪ್ರಾಂತ್ಯದ ಬ್ಯಾಟಲ್ ಮೌಂಟನ್ ಎಂಬಲ್ಲಿ ಕೆನಡಾದ ಟಾಡ್ ರೈಕರ್ಟ್ ಗಂಟೆಗೆ 144.17 ಕಿಲೋಮೀಟರು ವೇಗವನ್ನು ಮುಟ್ಟಿದನು. ಅದೇ ವರ್ಷ ಫ್ರಾಂಚೆಸ್ಕೊ ರೂಸೊ ಜರ್ಮನಿಯಲ್ಲಿ ಒಂದು ಗಂಟೆಯಲ್ಲಿ 92.432 ಕಿಲೋಮೀಟರು ಕ್ರಮಿಸಿದನು. ಒಕ್ಕೂಟದ ನಿಯಮಕ್ಕೆ ಒಳಪಟ್ಟ ಬೈಸಿಕಲ್ಲಿನಲ್ಲಿ 2022ರಲ್ಲಿ ಇಟಲಿಯ ಫಿಲಿಪ್ಪೊ ಗಾನ್ನ ಸಾಧಿಸಿದ ದೂರ 56.792 ಕಿಲೋಮೀಟರು. ಇವರೆಲ್ಲರೂ ತುಳಿದುದು ಮನುಷ್ಯರ ಕಾಲುಗಳಿಂದಲೇ. ಅಂತರವೆಲ್ಲ ಗಾಳಿಯದು.

ಇಷ್ಟನ್ನು ಓದಿದವರು, "ಹಾಗಾದರೆ ಇಂದೇ ಹಳೆಯ ಬೈಸಿಕಲ್ಲನ್ನು ಮಾರಿಬಿಡೋಣ" ಎಂದು ಹೊರಡಬಹುದು. ತಾಳಿ. ಆ ದಾಖಲೆಗಳು ಆದುದು ಸಮತಟ್ಟಾದ, ಬರಿದಾದ ದಾರಿಯಲ್ಲಿ. ಶ್ರೀಕಾರ್ಯದ ದಾರಿಯಲ್ಲಿ ಮೂರನೆಯ ವಿರೋಧಿಯಾದ ಏರು ಕಾದುಕೊಂಡಿದೆ. ಅದರ ಲೆಕ್ಕವನ್ನೂ ಮಾಡಿಬಿಡೋಣ.

ಇಪ್ಪತ್ತು ಮೀಟರು ಹೋದರೆ ಒಂದು ಮೀಟರು ಏರುವ ದಾರಿಯಲ್ಲಿ, ಸವಾರನೂ ವಾಹನವೂ ಸೇರಿ 83 ಕಿಲೋಗ್ರಾಂ ತೂಗುವಾಗ, ಸೆಕೆಂಡಿಗೆ 2 ಮೀಟರಿನಂತೆ ಮೆಲ್ಲಗೆ ಏರುತ್ತಿದ್ದೇವೆ ಎನ್ನೋಣ. ಆ ಭಾರವನ್ನು ಮೇಲಕ್ಕೆತ್ತಲು ಸುಮಾರು 81 ವಾಟ್ ಬೇಕು. ಆ ನಿಧಾನದಲ್ಲಿ ಗಾಳಿಗಾಗಿ ಬೇಕಾದುದು ನೆಟ್ಟಗೆ ಕುಳಿತವನಿಗೆ ಮೂರು ವಾಟ್ ಕೂಡ ಇಲ್ಲ. ಒರಗಿದವನು ಅದರಲ್ಲಿ ಉಳಿಸುವುದು ಒಂದು ವಾಟಿಗಿಂತ ತುಸು ಹೆಚ್ಚು. ಆದರೆ ಅವನ ವಾಹನ, ಉದ್ದನೆಯ ಚೌಕಟ್ಟು, ಉದ್ದನೆಯ ಚೈನು, ಮೂರನೆಯ ಚಕ್ರ ಇವುಗಳಿಂದಾಗಿ ಐದು ಕಿಲೋಗ್ರಾಂ ಹೆಚ್ಚು ತೂಗಿದರೆ ಅದನ್ನು ಹೊರಲು ಇನ್ನೂ ಐದು ವಾಟ್ ಕೊಡಬೇಕು. ಒಂದು ಕೈಯಲ್ಲಿ ಗಳಿಸಿದುದಕ್ಕಿಂತ ಹೆಚ್ಚನ್ನು ಇನ್ನೊಂದು ಕೈಯಿಂದ ಕಳೆದುಕೊಂಡ ಹಾಗಾಯಿತು.

ಇದೂ ಅಲ್ಲದೆ, ಸಾಮಾನ್ಯ ಬೈಸಿಕಲ್ಲಿನವನು ಏರು ಬಂದಾಗ ಸೀಟಿನಿಂದೆದ್ದು ಮೈಭಾರವನ್ನೆಲ್ಲ ಪೆಡಲಿನ ಮೇಲೆ ಹಾಕಬಲ್ಲನು. ಒರಗಿದವನಿಗೆ ಆ ಉಪಾಯವಿಲ್ಲ. ಅವನು ಬೆನ್ನನ್ನು ಸೀಟಿಗೆ ಒತ್ತಿ ಕಾಲಿನಿಂದ ತಳ್ಳಬಹುದು. ಆದರೆ ಹಾಗೆ ಬಲವಾಗಿ ತಳ್ಳುತ್ತಿದ್ದರೆ ಮೊಣಕಾಲಿಗೆ ಕೇಡು. ಅವನಿಗೆ ಇರುವ ದಾರಿಯೊಂದೇ: ಸಣ್ಣ ಗೇರನ್ನು ಹಾಕಿಕೊಂಡು, ಹಗುರವಾಗಿ, ಬೇಗಬೇಗನೆ ಕಾಲಾಡಿಸುತ್ತ, ತಾಳ್ಮೆಯಿಂದ ಏರುವುದು. ಎರಡು ಚಕ್ರದ ಒರಗು ಬೈಸಿಕಲ್ಲು ಅಷ್ಟು ನಿಧಾನದಲ್ಲಿ ತೂರಾಡುತ್ತದೆ. ಮೂರು ಚಕ್ರದ್ದಕ್ಕೆ ಆ ಭಯವಿಲ್ಲ.

ಲೆಕ್ಕಕ್ಕೆ ಸಿಕ್ಕದ ಸಂಗತಿಗಳೂ ಇವೆ. ಒರಗಿದವನ ತಲೆ ನೆಲದಿಂದ ಹೆಚ್ಚು ಎತ್ತರದಲ್ಲಿ ಇರುವುದಿಲ್ಲ. ಅವನಿಗೆ ಮುಂದಿನ ದಾರಿ ಚೆನ್ನಾಗಿ ಕಾಣುತ್ತದೆ. ಬಾಗಿದವನಂತೆ ಅವನು ಚಕ್ರವನ್ನೇ ನೋಡುತ್ತಿರಬೇಕಾಗಿಲ್ಲ. ಆದರೆ ಅವನು ಇತರರಿಗೆ ಕಾಣಬೇಕಲ್ಲ! ಬಸ್ಸಿನ ಚಾಲಕನು ಎತ್ತರದಲ್ಲಿ ಕುಳಿತಿರುತ್ತಾನೆ. ಅವನ ಪಕ್ಕಕ್ಕೆ ಬಂದು ನಿಂತ ತಗ್ಗಿನ ವಾಹನ ಕಣ್ಣಿಗೆ ಮರೆಯಾಗಬಹುದು. ಕಾರುಗಳ ಸಾಲಿನ ಹಿಂದೆಯೂ ಅದು ಅಡಗಿಹೋಗುತ್ತದೆ. ಇದರಿಂದಾಗಿ ಇಂಥ ವಾಹನಕ್ಕೆ ಉದ್ದನೆಯ ಕೋಲಿನ ಮೇಲೆ ಬಣ್ಣದ ಬಾವುಟವನ್ನೂ, ಹಗಲಿನಲ್ಲಿಯೂ ಉರಿಯುವ ದೀಪವನ್ನೂ, ಹಿಂದನ್ನು ನೋಡಲು ಕನ್ನಡಿಯನ್ನೂ ಕಟ್ಟುತ್ತಾರೆ. ಇವು ಅಲಂಕಾರವಲ್ಲ, ಪ್ರಾಣರಕ್ಷಣೆಯ ಸಾಧನಗಳು. ಮಳೆಗಾಲದಲ್ಲಿ ಚಕ್ರ ಎರಚುವ ಕೆಸರು ನೇರವಾಗಿ ಮೈಗೆ ಬೀಳುತ್ತದೆ. ಮಡ್‌ಗಾರ್ಡು ಇಲ್ಲದೆ ಆಗದು. ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗಲು ಕಷ್ಟ. ಬೀದಿಯ ಕೊನೆಯ ಸೈಕಲ್ ಶಾಪಿನಲ್ಲಿ ಪಂಕ್ಚರನ್ನು ಹಾಕಿಯಾರು. ಚೈನನ್ನು ನಡೆಸುವ ಸಣ್ಣ ಗಾಲಿಗಳು ಸವೆದರೆ ಅವನ್ನು ಎಲ್ಲಿಂದ ತರುವುದು? ಬೆಲೆಯೂ ಸಾಮಾನ್ಯ ಬೈಸಿಕಲ್ಲಿನ ಬೆಲೆಗೆ ಹಲವು ಪಟ್ಟು.

ಇನ್ನು ಅಣ್ಣನವರ ಹದಿನೈದು ದಿನಗಳ ಅನುಭವವನ್ನು ಹೇಳುತ್ತೇನೆ. ನನ್ನ ಸಲಹೆಯಂತೆ ಅವರು ಒಂದು ನೋಟುಪುಸ್ತಕವನ್ನು ಇಟ್ಟರು. ಪ್ರತಿದಿನವೂ ಅದರಲ್ಲಿ ಮೂರು ಸಂಗತಿಗಳನ್ನು ಬರೆಯಬೇಕು: ಹಿಡಿದ ಕಾಲ, ರಾತ್ರಿಯ ನೋವು, ದಾರಿಯಲ್ಲಿ ಹೆದರಿದ ಸಂದರ್ಭಗಳು. ಕಾಲದ ಅಂಕಣದಲ್ಲಿ ಮೊದಲ ವಾರ ಹಳೆಯ ಬೈಸಿಕಲ್ಲಿಗಿಂತ ಕೆಲವು ನಿಮಿಷ ಹೆಚ್ಚೇ ಹಿಡಿದಿತ್ತು. ಒರಗಿ ತುಳಿಯುವುದಕ್ಕೆ ಕಾಲಿನ ಬೇರೆ ಸ್ನಾಯುಗಳು ಪಳಗಬೇಕಾಗಿದ್ದುದೂ ಅದಕ್ಕೆ ಕಾರಣ. ಎರಡನೆಯ ವಾರ ಸಮತಟ್ಟಿನಲ್ಲಿಯೂ ಇಳಿಜಾರಿನಲ್ಲಿಯೂ ಗಳಿಸಿದುದು ಏರಿನಲ್ಲಿ ಕಳೆದುಕೊಂಡುದಕ್ಕೆ ಹೆಚ್ಚು ಕಡಿಮೆ ಸಮವಾಯಿತು. ನೋವಿನ ಅಂಕಣದಲ್ಲಿ ನಾಲ್ಕನೆಯ ದಿನದಿಂದ ಮುಂದಕ್ಕೆ "ಇಲ್ಲ" ಎಂಬ ಒಂದೇ ಮಾತು. ಅದನ್ನು ನೋಡಿ ಅತ್ತಿಗೆಯವರು ಆರಾಮಕುರ್ಚಿಯ ಹಾಸ್ಯವನ್ನು ನಿಲ್ಲಿಸಿದರು.

ಆದರೆ ಮೂರನೆಯ ಅಂಕಣ ಬರಿದಾಗಿರಲಿಲ್ಲ. ಒಂಬತ್ತನೆಯ ದಿನ ಸಂಜೆ, ವೃತ್ತದಲ್ಲಿ ತಿರುಗುತ್ತಿದ್ದ ಒಂದು ಬಸ್ಸು ಇವರನ್ನು ಕಾಣದೆ ಪಕ್ಕಕ್ಕೆ ಸರಿಯಿತು. ಯಾರೋ ಕೂಗಿದ್ದರಿಂದ ಚಾಲಕನು ಬ್ರೇಕು ಹಾಕಿದನು. ಅಣ್ಣನವರ ಕೈಗೂ ಬಸ್ಸಿನ ಚಕ್ರಕ್ಕೂ ನಡುವೆ ಒಂದು ಮೊಳ ಜಾಗವಿತ್ತು. ಆ ರಾತ್ರಿ ಅವರು ಯಾರೊಡನೆಯೂ ಮಾತನಾಡಲಿಲ್ಲ. ಮರುದಿನ ಬೆಳಗ್ಗೆ ನನ್ನನ್ನು ಕರೆದು, "ನಿನ್ನ ವಾಟಿನ ಲೆಕ್ಕದಲ್ಲಿ ಇದು ಎಲ್ಲಿ ಬರುತ್ತದಪ್ಪ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಲೆಕ್ಕ ತಪ್ಪಾಗಿರಲಿಲ್ಲ, ಆದರೆ ನಾನು ಕೇಳಿಕೊಂಡ ಪ್ರಶ್ನೆ ಅಪೂರ್ಣವಾಗಿತ್ತು. ಯಾವುದು ವೇಗವಾಗಿ ಹೋಗುತ್ತದೆಂದು ಲೆಕ್ಕ ಮಾಡಿದ್ದೆನೇ ಹೊರತು, ಯಾರಿಗೆ, ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಎಂದು ಕೇಳಿಕೊಂಡಿರಲಿಲ್ಲ.

ಆ ಮೇಲೆ ನಾವಿಬ್ಬರೂ ಕುಳಿತು ಪ್ರಶ್ನೆಯನ್ನು ತಿದ್ದಿಕೊಂಡೆವು. ಹೆದ್ದಾರಿಯನ್ನು ಬಿಟ್ಟು ಒಳದಾರಿಯನ್ನು ಗೊತ್ತು ಮಾಡಿದೆವು. ಅದು ಬಳಸು, ಆದರೆ ಬಸ್ಸುಗಳಿಲ್ಲ. ಹೊರಡುವ ಹೊತ್ತನ್ನು ಮುಂಜಾನೆಗೆ ಬದಲಾಯಿಸಿದೆವು. ಬಾವುಟದ ಕೋಲನ್ನು ಕಾರಿನ ಮಾಡಿಗಿಂತ ಎತ್ತರ ಮಾಡಿದೆವು. ವೃತ್ತವನ್ನು ದಾಟಬೇಕಾದಲ್ಲಿ ಇಳಿದು, ತಳ್ಳಿಕೊಂಡು, ಪಾದಚಾರಿಗಳ ಜೊತೆಯಲ್ಲಿ ದಾಟುವುದೆಂದು ನಿಯಮವಾಯಿತು. ಉಳಿದ ದಿನಗಳಲ್ಲಿ ಆ ಮೂರನೆಯ ಅಂಕಣವೂ ಬರಿದಾಯಿತು. ಅನಂತರ ಅಣ್ಣನವರು ಅದೇ ಬಗೆಯ ಹಳೆಯ ವಾಹನವೊಂದನ್ನು ಕೊಂಡರು. ತಮ್ಮ ಸಾಮಾನ್ಯ ಬೈಸಿಕಲ್ಲನ್ನು ಮಾರಲಿಲ್ಲ. ಅಂಗಡಿಗೆ ಹೋಗಿಬರಲು ಮಗಳಿಗೆ ಕೊಟ್ಟರು. ಅವಳ ಬೆನ್ನು ಗಟ್ಟಿಯಾಗಿದೆ. ಅವಳ ದಾರಿ ಅರ್ಧ ಮೈಲಿ. ಅವಳಿಗೆ ಅದೇ ಸರಿ.

ಪಂದ್ಯದ ಆಸೆಯುಳ್ಳ ವಿದ್ಯಾರ್ಥಿಗೂ ಸಾಮಾನ್ಯ ಬೈಸಿಕಲ್ಲೇ ಸರಿ. ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ತರುಣ ತರುಣಿಯರು ಸೈಕಲ್ ಪಂದ್ಯಗಳಲ್ಲಿ ರಾಜ್ಯಕ್ಕೆ ಕೀರ್ತಿ ತಂದಿರುವುದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಶ್ರೀಕಾರ್ಯಕ್ಕೆ ಹತ್ತಿರದ ಕಾರ್ಯವಟ್ಟದಲ್ಲಿಯೂ ದೈಹಿಕ ಶಿಕ್ಷಣದ ರಾಷ್ಟ್ರೀಯ ಕಾಲೇಜಿದೆ. ಅಲ್ಲಿ ಸೈಕಲ್ ಪಂದ್ಯಕ್ಕೆಂದೇ ಕಟ್ಟಿದ ಓಟದ ಕಣವಿದೆ. ಇಂಥ ಕಣಗಳಲ್ಲಿ ನಡೆಯುವುದು ಒಕ್ಕೂಟದ ನಿಯಮ.

ಆದರೂ ಆ ನಿಯಮದ ಕೋಟೆಯಲ್ಲಿ ಒಂದು ಬಾಗಿಲು ತೆರೆದಿರುವುದನ್ನು ಹೇಳಲೇಬೇಕು. ಕಾಲಿನಲ್ಲಿ ಬಲವಿಲ್ಲದವರು ಕೈಯಿಂದ ತಿರುಗಿಸಿಕೊಂಡು ಹೋಗುವ ಮೂರು ಚಕ್ರದ ಗಾಡಿಯನ್ನು ನೀವೆಲ್ಲ ನಮ್ಮ ಬೀದಿಗಳಲ್ಲಿ ಕಂಡಿದ್ದೀರಿ. 1972ರಲ್ಲಿ ಕಾನ್ಪುರದಲ್ಲಿ ಸ್ಥಾಪಿತವಾದ ಸರಕಾರದ ಸಂಸ್ಥೆಯೊಂದು ಅಂಥ ಗಾಡಿಗಳನ್ನು ತಯಾರಿಸುತ್ತ ಬಂದಿದೆ. ಬೆನ್ನಿಗೆ ಆಸರೆ, ಮುಂದೆ ಚಾಚಿದ ಕಾಲು, ತಗ್ಗಿನ ಸೀಟು. ನೋಡಿದರೆ ಅದೂ ಒರಗು ಬೈಸಿಕಲ್ಲಿನ ದಾಯಾದಿಯೇ. ಇದೇ ಜಾತಿಯ, ಆದರೆ ಬಹು ಹಗುರವಾದ ಕೈಪೆಡಲಿನ ವಾಹನಗಳ ಪಂದ್ಯವು 2004ರಲ್ಲಿ ಅಥೆನ್ಸಿನ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಮೊದಲ ಬಾರಿಗೆ ನಡೆಯಿತು. ಅಂಗವಿಕಲರ ಸೈಕಲ್ ಪಂದ್ಯಗಳ ಆಡಳಿತವನ್ನು 2007ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವೇ ವಹಿಸಿಕೊಂಡಿತು. ಆ ಪಂದ್ಯಗಳ ಹಲವು ವರ್ಗಗಳಲ್ಲಿ ಸವಾರರು ಬೆನ್ನೊರಗಿಕೊಂಡೇ ಸಾಗುತ್ತಾರೆ. 1934ರಲ್ಲಿ ಒರಗಿದವನನ್ನು ಹೊರಗೆ ಕಳುಹಿಸಿದ ಮನೆಯೇ, ಎಪ್ಪತ್ತು ವರ್ಷಗಳು ಕಳೆದ ಮೇಲೆ, ಒರಗಬೇಕಾದವನಿಗೆ ಮಣೆ ಹಾಕಿತು. ದೇಹಕ್ಕೆ ತಕ್ಕ ವಾಹನ ಎಂಬ ನ್ಯಾಯ ಅಲ್ಲಿ ಗೆದ್ದಿತು.

ವಿದ್ಯಾರ್ಥಿಗಳೇ, ಇದನ್ನೆಲ್ಲ ನೀವು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ನಿಮ್ಮ ಬಳಿ ಒರಗು ಬೈಸಿಕಲ್ಲು ಇಲ್ಲದಿದ್ದರೂ ಗಾಳಿಯನ್ನು ಅಳೆಯಬಹುದು. ಗಾಳಿ ಬೀಸದ ಮುಂಜಾನೆ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ವಾಹನಗಳು ಬಾರದ ಮೈದಾನಕ್ಕೆ ಹೋಗಿರಿ. ಸ್ವಲ್ಪ ಇಳಿಜಾರಿರುವ ಕಡೆ ಸುಣ್ಣದ ಗೆರೆ ಎಳೆದು, ಅಲ್ಲಿಂದ ತುಳಿಯದೆ ಬೈಸಿಕಲ್ಲನ್ನು ಬಿಡಿರಿ. ಮೊದಲ ಸಲ ನೆಟ್ಟಗೆ ಕುಳಿತು, ಎರಡನೆಯ ಸಲ ಮುಂದಕ್ಕೆ ಬಾಗಿ. ಬಾಗಿದಾಗಲೂ ದೃಷ್ಟಿ ಮುಂದೆಯೇ ಇರಲಿ, ಕೈ ಬ್ರೇಕಿನ ಮೇಲಿರಲಿ. ಪ್ರತಿಸಲವೂ ಅದು ತಾನಾಗಿ ನಿಂತ ಸ್ಥಳವನ್ನು ಗುರುತಿಸಿ ಅಳೆಯಿರಿ. ಒಂದೊಂದು ಭಂಗಿಯನ್ನೂ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಟಯರಿನ ಗಾಳಿಯನ್ನು ನಡುವೆ ಬದಲಾಯಿಸಬೇಡಿ. ಸವಾರನೂ ಒಬ್ಬನೇ ಇರಲಿ. ಇಳಿಜಾರು ತೀರ ಕಡಿಮೆಯಿದ್ದರೆ ಎರಡು ದೂರಗಳಿಗೂ ಹೆಚ್ಚಿನ ಭೇದ ಕಾಣದು. ಹೆಚ್ಚಿದಂತೆಲ್ಲ ಭೇದವೂ ಹೆಚ್ಚುವುದು. ಅದೇಕೆಂಬುದನ್ನು ಮೇಲಿನ ಲೆಕ್ಕದಿಂದ ನೀವೇ ಹೇಳಬಲ್ಲಿರಿ.

ಎರಡು ವಸ್ತುಗಳಲ್ಲಿ ಒಂದನ್ನು ಆರಿಸಬೇಕಾದಾಗ ನಾವು ಸಾಮಾನ್ಯವಾಗಿ ಮಾಡುವ ತಪ್ಪುಗಳು ಎರಡು. ಬಹುಜನರು ಬಳಸುವುದೇ ಉತ್ತಮವೆನ್ನುವುದು ಒಂದು. ಹೊಸದಾಗಿ ಬಂದುದೇ ಉತ್ತಮವೆನ್ನುವುದು ಇನ್ನೊಂದು. ಶ್ರೀಕಾರ್ಯದ ಜಗಲಿಯ ಮೇಲೆ ನಾನು ಕಲಿತುದು ಇಷ್ಟೆ: ಅಳೆಯದೆ ತೀರ್ಮಾನಿಸಬಾರದು, ಅಳೆಯುವ ಮುನ್ನ, ಯಾರಿಗಾಗಿ ಅಳೆಯುತ್ತಿದ್ದೇವೆಂಬುದನ್ನು ಮರೆಯಬಾರದು. ಮೊನ್ನೆ ಅಣ್ಣನವರಿಂದ ಕಾಗದ ಬಂದಿತು. ಮಳೆ ಹಿಡಿದಿದೆಯಂತೆ, ಮಡ್‌ಗಾರ್ಡನ್ನು ಇನ್ನೂ ಅಗಲ ಮಾಡಿಸಬೇಕಂತೆ. ಕೊನೆಯಲ್ಲಿ ಬರೆದಿದ್ದರು: "ರಾತ್ರಿ ಚೆನ್ನಾಗಿ ನಿದ್ರೆ ಬರುತ್ತಿದೆ."